ಮೂರನೆಯ ಕೂಗಿನ ಅನಂತರ

ನನ್ನ ಕಟ್ಟಕಡೆಯ ವಿದ್ಯಾರ್ಥಿಗೆ,

ವಯಸ್ಸಿನಲ್ಲಿ ನನಗಿಂತ ಹಿರಿಯರಾಗಿದ್ದ ನಿಮ್ಮನ್ನು ಹೀಗೆ ಕರೆಯುವುದು ಉಚಿತವೇ ಎಂದು ಲೇಖನಿ ಹಿಡಿದು ಬಹಳ ಹೊತ್ತು ಯೋಚಿಸಿದೆ. ಬಾಳೂರಿನ ಶಾಲೆಯಿಂದ ನಾನು ನಿವೃತ್ತನಾದ ಮರುವರ್ಷ ದೊರೆತವರು ನೀವು. ನಿಮ್ಮ ಅನಂತರ ನಾನು ಯಾರಿಗೂ ಅಕ್ಷರ ತಿದ್ದಿಸಲಿಲ್ಲ. ಆದ್ದರಿಂದ ಈ ಸಂಬೋಧನೆಯಲ್ಲಿ ಅತಿಶಯೋಕ್ತಿಯೇನೂ ಇಲ್ಲ. "ಮೇಷ್ಟ್ರೇ, ನನಗೆ ಕಾಗದ ಬರೆದರೆ ಕನ್ನಡದಲ್ಲೇ ಬರೆಯಬೇಕು. ಇಂಗ್ಲಿಷಿನಲ್ಲಿ ಬರೆದರೆ ಒಡೆಯುವುದೇ ಇಲ್ಲ" ಎಂದು ನೀವು ತಾಕೀತು ಮಾಡಿದ್ದಿರಿ. ಈಗ ಒಡೆದು ಓದುವವರು ಯಾರು? ಆದರೂ ಕೊಟ್ಟ ಮಾತಿನಂತೆ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ನೀವು ಹೊರಟ ಬೆಳಿಗ್ಗೆ ಮುಂಗಾರಿನ ಮೊದಲ ಮಳೆ ಹಿಡಿದಿತ್ತು. ಇಬ್ರಾಹಿಮರ ಬಾಡಿಗೆ ಜೀಪು ಕಾಫಿ ತೋಟದ ಯಜಮಾನ ಮಂಜೇಗೌಡರ ಬಂಗಲೆಯ ಮುಂದೆ ಗುರುಗುಟ್ಟುತ್ತ ನಿಂತಿತ್ತು. ನೀವು ಟಾರ್ಪಾಲಿನ ಅಂಚನ್ನೆತ್ತಿ, ಮಳೆಗೆ ತಲೆಯೊಡ್ಡಿ, ನಿಧಾನವಾಗಿ, ಒಂದೊಂದೇ ಪದವನ್ನು ಆರಿಸಿಕೊಂಡು ಕೇಳಿದಿರಿ: "ಮೇಷ್ಟ್ರೇ, ಮೂರು ಸಲ ಕೂಗಿದ ಮೇಲೂ ಉತ್ತರ ಬರದಿದ್ದರೆ?" ನಾನು, "ಹಾಗೆ ಆಗುವುದಿಲ್ಲ" ಎಂದೆ. ಆಧಾರವಿಲ್ಲದ ಮಾತನ್ನು ನಾನು ಆಡಿದವನಲ್ಲ. ಆದರೆ ಆ ಮಾತಿಗೆ ಆಧಾರ ಯಾವುದಿತ್ತು? ಈ ಬೆಟ್ಟಗಳ ಒಂದು ವಾಡಿಕೆ, ಅಷ್ಟೆ. ಆ ಒಂದು ವಾಡಿಕೆಯನ್ನು, ಅದಕ್ಕೆ ಜಾಮೀನಾಗಿ ನನ್ನ ಮಾತನ್ನು ನಂಬಿಕೊಂಡು ನೀವು ನಿಮ್ಮ ಕೊನೆಯ ಕೃತಿಯನ್ನು ರಚಿಸಿದಿರಿ. ನಿಮ್ಮ ತಂಗಿಯ ಮಗಳು ಕ್ಲೇರ್ ಕಳಿಸಿದ ಕಾಗದದಿಂದ ತಿಳಿಯಿತು: ಉತ್ತರ ಬರಲಿಲ್ಲವೆಂದು ಭಾವಿಸಿಯೇ ನೀವು ಕಣ್ಣು ಮುಚ್ಚಿದಿರಂತೆ. ಅದು ತಪ್ಪು ಗ್ರಹಿಕೆ. ತಪ್ಪನ್ನು ತಿದ್ದುವುದು ನನ್ನ ವೃತ್ತಿ. ಅದಕ್ಕಾಗಿಯೇ ಈ ಪತ್ರ.

ನಿಮ್ಮನ್ನು ನಾನು ಮೊದಲು ಕಂಡದ್ದು ಕಾಫಿ ಹೂ ಬಿಟ್ಟ ವಾರದಲ್ಲಿ. ಪಾಂಡಿಚೇರಿಯ ಬಿಸಿಲನ್ನು ತಾಳಲಾರದೆ, ಅಲ್ಲಿದ್ದ ಗೌಡರ ಷಡ್ಡಕರ ಶಿಫಾರಸಿನ ಮೇಲೆ ನೀವು ನಮ್ಮ ಬೆಟ್ಟಕ್ಕೆ ಬಂದಿದ್ದಿರಿ. ಗೌಡರು ನನ್ನನ್ನು ಬಂಗಲೆಗೆ ಕರೆಸಿ, ನಿಮ್ಮೆದುರೇ, ನಿಮಗೆ ತಿಳಿಯದೆಂಬ ಧೈರ್ಯದಿಂದ ಹೇಳಿದರು: "ನೋಡಿ ಮೇಷ್ಟ್ರೇ, ಇವ್ರು ಫ್ರಾನ್ಸಿನೋರು. ಸಂಗೀತ ಬರಿಯೋರಂತೆ. ಹಾಡ್ತೀರಾ ಅಂದ್ರೆ ಹಾಡಲ್ಲ, ಬಾರಿಸ್ತೀರಾ ಅಂದ್ರೆ ಬಾರಿಸೋದೂ ಇಲ್ಲ. ಬರೆದು ಕೊಡೋದಂತೆ, ಬೇರೆ ಯಾರೋ ನುಡಿಸೋದಂತೆ. ಅಡುಗೆ ಮಾಡ್ದೆ ಅಡುಗೆ ಹೆಂಗೆ ಮಾಡೋದು ಅಂತ ಬರೆದಿಡೋ ಭಟ್ರನ್ನ ನಾನು ನೋಡ್ಲಿಲ್ಲ ಮಾರಾಯ್ರೇ!" ನನಗೂ ಆಗ ಅದು ಅರ್ಥವಾಗಿರಲಿಲ್ಲ. ನಮ್ಮಲ್ಲಿ ಕೃತಿಯನ್ನು ರಚಿಸುವವರು ತಾವೇ ಹಾಡಿ ತೋರಿಸುವವರು. ಕಾಗದದ ಮೇಲೆ ಐದು ಗೆರೆ ಎಳೆದು, ಅದರ ಮೇಲೆ ಚುಕ್ಕಿಗಳನ್ನಿಟ್ಟು, ದೂರದ ಊರಿನ ಐವತ್ತು ಅರವತ್ತು ಜನರಿಗೆ ಒಪ್ಪಿಸಿಬಿಡುವುದು ಎಂದರೆ... ಅಷ್ಟು ನಂಬಿಕೆ ಮನುಷ್ಯನಿಗೆ ಎಲ್ಲಿಂದ ಬರಬೇಕು?

ನಿಮ್ಮ ಹೆಸರು ಎತಿಯೆನ್ ಮೊರ್ವಾಲ್ ಎಂಬುದನ್ನು ನಾನು ಅತ್ಯಂತ ಶ್ರದ್ಧೆಯಿಂದ ಕಲಿತೆ. ತೋಟದ ಆಳುಗಳಿಗೆ ಆ ಶ್ರದ್ಧೆಯಿರಲಿಲ್ಲ. ವಾರ ಕಳೆಯುವುದರೊಳಗೆ ನೀವು ಅವರ ಬಾಯಲ್ಲಿ ಎತ್ಯಣ್ಣ ಆಗಿಬಿಟ್ಟಿರಿ. ನಾನು ಮೇಸ್ತ್ರಿ ಶೇಷಪ್ಪನನ್ನು ನಿಲ್ಲಿಸಿಕೊಂಡು ಉಚ್ಚಾರವನ್ನು ತಿದ್ದಲು ಹೊರಟಾಗ ನೀವು ನನ್ನ ತೋಳು ಹಿಡಿದು ತಡೆದಿರಿ. "ಬಿಡಿ ಮೇಷ್ಟ್ರೇ. ನನ್ನ ಹೆಸರಿಗೆ ಯಾರೂ ಅಣ್ಣನನ್ನು ಸೇರಿಸಿರಲಿಲ್ಲ." ನಾನು ಮಾತ್ರ ಕೊನೆಯವರೆಗೂ ನಿಮ್ಮನ್ನು ಮಿಸ್ಟರ್ ಮೊರ್ವಾಲ್ ಎಂದೇ ಕರೆದೆ. ನಿಮ್ಮ ಕಣ್ಣಂಚಿನಲ್ಲಿ ಪ್ರತಿಸಲವೂ ಒಂದು ಸಣ್ಣ ನಗು ಬಂದು ಹೋಗುತ್ತಿತ್ತು.

ಜಗುಲಿಯ ಮೇಲಿನ ನಮ್ಮ ಪಾಠಗಳು ನೆನಪಾಗುತ್ತವೆ. ನೀವು ಸ್ಲೇಟಿನ ಮೇಲೆ ನಾನು ಹೇಳಿದ ವಾಕ್ಯವನ್ನು ಬರೆಯುವ ಬದಲು ಐದು ಗೆರೆಗಳನ್ನೆಳೆದು, ಅಂಗಳದಲ್ಲಿ ಯಾರೋ ಆಡಿದ ಮಾತಿನ ಏರಿಳಿತವನ್ನು ಚುಕ್ಕಿಗಳಲ್ಲಿ ಇಡುತ್ತಿದ್ದಿರಿ. ನಾನು "ತಾವು ಬರುತ್ತೀರಾ?" ಎಂದು ಕಲಿಸಿದರೆ ನೀವು, ತೋಟದ ಆಳು ಲಚ್ಚಮ್ಮ ಬೇಲಿಯಾಚೆಯಿಂದ "ಬತ್ತೀರಾ ಮಾರಾಯ್ರೇ?" ಎಂದದ್ದನ್ನು ಬರೆದುಕೊಳ್ಳುತ್ತಿದ್ದಿರಿ. ಅದು ಶುದ್ಧ ಪ್ರಯೋಗವಲ್ಲ ಎಂದರೆ, "ನಿಮ್ಮ ವಾಕ್ಯ ನೆಲದ ಮೇಲೆ ಇದೆ. ಅವಳ ವಾಕ್ಯದ ಕೊನೆ ಗುಡ್ಡ ಹತ್ತುತ್ತದೆ" ಎನ್ನುತ್ತಿದ್ದಿರಿ. ನನಗೆ ಕೋಪ ಬರುತ್ತಿತ್ತು. ವಿದ್ಯಾರ್ಥಿ ಬುದ್ಧಿವಂತನಾಗಿದ್ದಾಗ ಬರುವ ಕೋಪ ಬೇರೆ ಬಗೆಯದು. ಅದು ಮನೆಗೆ ಹೋದ ಮೇಲೂ ಜೊತೆಗಿರುತ್ತದೆ.

ಒಂದು ಸಂಜೆ ಖಾಲಿ ಕಣದ ಕಟ್ಟೆಯ ಮೇಲೆ ಕುಳಿತು ನೀವು ನಿಮ್ಮ ಕಥೆಯನ್ನು ಹೇಳಿದಿರಿ. ಕೊಯ್ಲು ಮುಗಿದು, ಕಾಫಿ ಒಣಗಿಸುವ ಆ ವಿಶಾಲವಾದ ಕಣದಲ್ಲಿ ಬಿಸಿಲೊಂದೇ ಬಿದ್ದುಕೊಂಡಿತ್ತು. ನಿಮ್ಮ ತಂದೆ ಚರ್ಚುಗಳ ಆರ್ಗನ್ನುಗಳನ್ನು, ಗಾಳಿ ತುಂಬಿದಾಗ ನೂರಾರು ಕೊಳವೆಗಳಿಂದ ನುಡಿಯುವ ಆ ದೊಡ್ಡ ವಾದ್ಯಗಳನ್ನು, ದುರಸ್ತಿ ಮಾಡುತ್ತಿದ್ದರು. ಸ್ವರಕ್ಕಿಂತ ಮೊದಲು ನಿಮಗೆ ಪರಿಚಯವಾದದ್ದು ಸ್ವರದ ಹಿಂದಿನ ಉಸಿರು. ಪ್ಯಾರಿಸಿನಲ್ಲಿ ಕಲಿತಿರಿ, ಚಿಕ್ಕ ವಯಸ್ಸಿಗೇ ಬಹುಮಾನ, ಹೆಸರು ಬಂದವು. ಯುದ್ಧ ಮುಗಿದ ಮೇಲೆ ನಿಮ್ಮ ಓರಗೆಯವರೆಲ್ಲ ಸಂಗೀತವನ್ನು ಲೆಕ್ಕಾಚಾರದಂತೆ ಕಟ್ಟತೊಡಗಿದರು: ಹನ್ನೆರಡು ಸ್ವರಗಳ ಒಂದು ಸಾಲು, ಎಲ್ಲವೂ ಒಮ್ಮೆ ಬಂದು ಹೋಗುವವರೆಗೆ ಯಾವುದೂ ಮತ್ತೆ ಬರುವಂತಿಲ್ಲ. ನೀವೂ ಕೆಲವು ವರ್ಷ ಹಾಗೆಯೇ ಬರೆದಿರಿ. "ವ್ಯಾಕರಣ ಶುದ್ಧವಾಗಿತ್ತು ಮೇಷ್ಟ್ರೇ. ಮಾತು ಮಾತ್ರ ಇರಲಿಲ್ಲ" ಎಂದಿರಿ. ಆ ಬಾಣ ಯಾರತ್ತ ಬಂದದ್ದೆಂದು ನನಗೆ ತಿಳಿಯದೇ ಹೋಗಲಿಲ್ಲ.

ಆಮೇಲಿನ ನಿಮ್ಮ ದಾರಿ ಕಳೆಯುವ ದಾರಿ. ವಾದ್ಯಗಳನ್ನು ಕಡಿಮೆ ಮಾಡಿದಿರಿ. ಕೃತಿಗಳು ಗಿಡ್ಡವಾದವು. ಮಂದ್ರದ ತಂತಿಗಳು, ಒಂದು ಕೊಂಬು, ಮರದ ತುಂಡುಗಳ ತಟ್ಟು, ಮತ್ತು ಇವುಗಳ ನಡುವೆ ನೀವು ಅಳೆದು ಬರೆದ ಮೌನ. ಮೌನಕ್ಕೂ ನಿಮ್ಮ ಲಿಪಿಯಲ್ಲಿ ಚಿಹ್ನೆಗಳಿವೆ ಎಂಬುದನ್ನು ಕಂಡು ನಾನು ಬೆರಗಾಗಿದ್ದೆ. ಹೊಸಬರು ನಿಮ್ಮನ್ನು ಹಳಬರೆಂದರು. ಹಳಬರು ನಿಮಗೆ ರಾಗ ಕಟ್ಟಲು ಬಾರದೆಂದರು. ಕಛೇರಿಯ ನಡುವೆಯೇ ಜನ ಎದ್ದು ಹೋಗುತ್ತಿದ್ದರು. ಹೊಟ್ಟೆಪಾಡಿಗಾಗಿ ಸಿನಿಮಾಗಳಿಗೆ ಸಂಗೀತ ಬರೆದಿರಿ, ಪಾಠ ಹೇಳಿದಿರಿ. ಆದರೂ ಬರೆಯುವುದನ್ನು ನಿಲ್ಲಿಸಲಿಲ್ಲ. ಏಕೆಂದರೆ ಮನೆಯಲ್ಲಿ ಮಾರ್ತ್ ಇದ್ದರು, ನಿಮ್ಮ ಪತ್ನಿ. ನೀವು ಪಿಯಾನೋ ಮುಂದೆ ಕುಳಿತು ಹುಡುಕುತ್ತಿದ್ದಾಗ ಅವರು ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿರುತ್ತಿದ್ದರು. ಸರಿಯಾದ ಸ್ವರ ಸಿಕ್ಕ ಕ್ಷಣದಲ್ಲಿ ಪಾತ್ರೆಯ ಸದ್ದು ನಿಂತುಬಿಡುತ್ತಿತ್ತು. ಅವರು ಒಂದು ಮಾತನ್ನೂ ಆಡುತ್ತಿರಲಿಲ್ಲ. ಸದ್ದು ನಿಂತರೆ ಸಾಕು, ನಿಮಗೆ ಗೊತ್ತಾಗುತ್ತಿತ್ತು. "ಈಗ ಅಡುಗೆಮನೆ ಯಾವಾಗಲೂ ನಿಶ್ಶಬ್ದವಾಗಿದೆ" ಎಂದಿರಿ. "ಸರಿಯೋ ತಪ್ಪೋ, ಯಾವುದರಿಂದ ತಿಳಿಯಲಿ?" ಅವರು ತೀರಿಕೊಂಡ ಮೇಲೆ ನೀವು ಒಂದು ಸ್ವರವನ್ನೂ ಬರೆದಿರಲಿಲ್ಲ. ಒಂದು ವಾದ್ಯವೃಂದ ನಿಮ್ಮಿಂದ ಒಂದು ಕೃತಿಯನ್ನು ಬಯಸಿತ್ತು. ಕಾಗದದ ಕಟ್ಟು ಪೆಟ್ಟಿಗೆಯಲ್ಲಿ ಬಿಳಿಯದಾಗಿಯೇ ಉಳಿದಿತ್ತು. ಇದೊಂದನ್ನು ಬರೆಯಲಾಗದಿದ್ದರೆ ಇನ್ನು ಬರೆಯುವುದಿಲ್ಲ ಎಂದು ನೀವು ತೀರ್ಮಾನಿಸಿದ್ದಿರಿ.

ಮರಗಸಿಯ ಕಾಲದಲ್ಲಿ ಮಾತ್ರ ನೀವು ಸ್ವಲ್ಪ ಗೆಲುವಾಗಿದ್ದಿರಿ. ಕಾಫಿ ಗಿಡಗಳಿಗೆ ಬೆಳಕು ಇಳಿಯಲೆಂದು ನೆರಳಿನ ಮರಗಳ ಕೊಂಬೆಗಳನ್ನು ಕತ್ತರಿಸುವ ಆ ಕೆಲಸವನ್ನು ನೀವು ಕತ್ತೆತ್ತಿ ಗಂಟೆಗಟ್ಟಲೆ ನೋಡುತ್ತಿದ್ದಿರಿ. ಯಾವ ಕೊಂಬೆಯನ್ನು ಬಿಡಬೇಕು, ಯಾವುದನ್ನು ತೆಗೆಯಬೇಕು ಎಂದು ಶೇಷಪ್ಪ ಕೆಳಗಿನಿಂದ ಕೂಗಿ ಹೇಳುತ್ತಿದ್ದ. "ಎತ್ಯಣ್ಣ, ಹತ್ತಿ ನೋಡ್ತೀರಾ?" ಎಂದು ಮರದ ಮೇಲಿನವರು ಕೆಣಕುತ್ತಿದ್ದರು. "ನಾನೂ ಇದೇ ಕೆಲಸ ಮಾಡುವುದು. ಕೂತು ಮಾಡುತ್ತೇನೆ" ಎಂದು ನೀವು ಉತ್ತರಿಸಿದಿರಿ. "ಕೂತು ಮಾಡೋ ಮರಗಸಿ! ಅದಕ್ಕೆ ಸಂಬಳ ಎಷ್ಟು ಕೊಡ್ತಾರಣ್ಣ?" ಎಂದು ಅವರು ನಕ್ಕರು. ನೀವೂ ನಕ್ಕಿರಿ. ಅಂದು ನಿಮ್ಮ ವಾಕ್ಯದಲ್ಲಿ ಒಂದೂ ದೋಷವಿರಲಿಲ್ಲ ಎಂಬುದನ್ನು ನಾನು ಗಮನಿಸಿದ್ದೆ.

ಆ ಮಂಜಿನ ಮಧ್ಯಾಹ್ನವನ್ನು ನಾನು ಮರೆಯಲಾರೆ, ನೀವಂತೂ ಮರೆಯಲಿಲ್ಲ. ಊಟ ಮುಗಿಸಿ, ಧ್ವನಿಮುದ್ರಣದ ಯಂತ್ರವನ್ನು ಹೆಗಲಿಗೇರಿಸಿ, ಯಾರಿಗೂ ಹೇಳದೆ ನೀವು ತೋಟದ ಮೇಲಿನ ಗುಡ್ಡ ಹತ್ತಿದಿರಿ. ಮಳೆಗಾಲದ ಮುನ್ನ ಬರುವ ಮಂಜು ನಿಮ್ಮ ದೇಶದ ಮಂಜಿನಂತಲ್ಲ. ಅದು ನೋಡನೋಡುತ್ತಿದ್ದಂತೆ ಇಳಿದು, ಚಾಚಿದ ಕೈಯನ್ನೂ ನುಂಗುತ್ತದೆ. ಇಳಿಯುವ ದಾರಿ ತಪ್ಪಿತು. ತೋಟದವರು ಒಬ್ಬರನ್ನೊಬ್ಬರು ಕರೆಯುವುದನ್ನು ನೀವು ಕೇಳಿ ಬಲ್ಲವರಾಗಿದ್ದಿರಿ. ಅವರಂತೆಯೇ ಅಂಗೈಗಳನ್ನು ಬಾಯಿಯ ಸುತ್ತ ಹಿಡಿದು, "ಕೂ..." ಎಂದು ಕೂಗಿದಿರಿ. ಉತ್ತರವಿಲ್ಲ. ಕಾದಿರಿ. ನಿಮ್ಮ ಕಾಯುವಿಕೆ ಎಷ್ಟು ದೀರ್ಘವೆಂದು ನಿಮ್ಮ ಸಂಗೀತವನ್ನು ಕೇಳಿದವರಿಗೆ ಗೊತ್ತು! ಮತ್ತೆ ಕೂಗಿದಿರಿ. ಮತ್ತೆ ಏನೂ ಇಲ್ಲ. ಒಂದು ಬಂಡೆಯ ಮೇಲೆ ಕುಳಿತಿರಿ. ಈ ಬೆಟ್ಟದಲ್ಲಿ ನಾನೊಬ್ಬನೇ ಎಂದುಕೊಂಡಿರಿ. ಆಮೇಲೆ ನೀವು ಮೂರನೆಯ ಸಲ ಕೂಗಿದ್ದು ಸಹಾಯಕ್ಕಲ್ಲವಂತೆ. ಮಂಜಿನೊಳಗೆ ಧ್ವನಿ ಹೇಗೆ ಕರಗುತ್ತದೆ ಎಂದು ಕೇಳುವುದಕ್ಕಂತೆ. ಅಂಥ ಹೊತ್ತಿನಲ್ಲೂ ನೀವು...

ಆಗ ಬೆಟ್ಟವೇ ಬಾಯಿ ತೆರೆಯಿತು. ಎಡದಿಂದ, ಬಲದಿಂದ, ಕಾಲಡಿಯ ಇಳಿಜಾರಿನಿಂದ ಹತ್ತಾರು ಕೊರಳುಗಳು ಒಟ್ಟಿಗೆ "ಕೂ..." ಎಂದವು. "ಅಲ್ಲೇ ಇರಿ! ಅಲ್ಲಾಡ್ಬೇಡಿ! ಬಂದ್ವಿ!" ಮರುಗಳಿಗೆಯಲ್ಲಿ ಶೇಷಪ್ಪ, ಲಚ್ಚಮ್ಮ, ಗಾಡಿಯ ಕೆಲಸಕ್ಕೆಂದು ಬಂದಿದ್ದ ಇಬ್ರಾಹಿಮರು, ಎಲ್ಲರೂ ಮಂಜಿನೊಳಗಿನಿಂದ ಒಬ್ಬೊಬ್ಬರಾಗಿ ಮೂಡಿ ಬಂದರು. ಅವರು ಕೂಗಳತೆಯಲ್ಲಿರಲಿ, ಮಾತಿನಳತೆಯಲ್ಲೇ ಇದ್ದರು. ನಿಮ್ಮನ್ನು ಬಂಗಲೆಗೆ ಕರೆತಂದಾಗ ನಾನು ಜಗುಲಿಯಲ್ಲಿದ್ದೆ.

"ಮೊದಲ ಸಲ ಕೂಗಿದಾಗ ನಿಮಗೆ ಕೇಳಿಸಲಿಲ್ಲವೇ?" ಎಂದು ನೀವು ಅವರನ್ನು ಕೇಳಿದಿರಿ.

"ಕೇಳ್ಸ್ತು," ಎಂದ ಶೇಷಪ್ಪ. "ಆದ್ರೆ ಒಂದೇ ಸರಿ ಕೂಗಿದ್ರೆ ಯಾರು ಓ ಅಂತಾರೆ? ಪೀಡೆ ಆಗಿದ್ರೆ? ಪೀಡೆ ಒಂದ್ಸರಿ ಕೂಗುತ್ತೆ, ಹೆಚ್ಚಂದ್ರೆ ಎರಡು ಸರಿ. ಮೂರನೇದು ಕೂಗೋದು ಮನ್ಷ ಮಾತ್ರ. ಮೂರಾದ್ಮೇಲೆ ಓ ಅನ್ನೋದು, ಹೋಗೋದು. ಅದು ಮೊದ್ಲಿಂದ ಬಂದಿದ್ದು."

"ಮಂಜಲ್ಲಿ ಅಂತೂ ಕೇಳೋದೇ ಬೇಡ," ಎಂದರು ಇಬ್ರಾಹಿಮರು.

"ನೀನೂ ಓ ಅನ್ಲಿಲ್ವೇನೋ ಇಬ್ರಾಹಿಮ?" ಎಂದು ಗೌಡರು ಛೇಡಿಸಿದರು. "ನಿಮ್ಮಲ್ಲೂ ಈ ಲೆಕ್ಕ ಐತಾ?"

"ಪೀಡೆಗೆ ಜಾತಿ ಉಂಟಾ ಗೌಡ್ರೇ? ಒಂದೇ ಗುಡ್ಡದಲ್ಲಿ ಇರೋದಲ್ವಾ ಎಲ್ಲ!"

ಎಲ್ಲರೂ ನಕ್ಕರು. ನೀವು ನಗಲಿಲ್ಲ. ಲಚ್ಚಮ್ಮನತ್ತ ತಿರುಗಿ, ನಿಮ್ಮ ಹರುಕು ಕನ್ನಡದಲ್ಲಿ ಕೇಳಿದಿರಿ: "ನಾನು ಸುಮ್ಮನೆ ಕಾದೆ. ಆ ಹೊತ್ತು ನೀವು ಏನು ಮಾಡಿದಿರಿ?"

"ಏನ್ ಮಾಡೋದು? ಕತ್ತಿ ಕೆಳಗಿಟ್ವಿ. ಮಾತು ನಿಲ್ಸಿದ್ವಿ. ಕಿವಿ ಕೊಟ್ಟು ನಿಂತ್ವಿ ಎತ್ಯಣ್ಣ. ಉಸಿರೂ ಬಿಡ್ಲಿಲ್ಲ, ಇನ್ನೊಂದ್ಸರಿ ಕೂಗ್ಲಪ್ಪ ದೇವ್ರೇ ಅಂತ."

ನೀವು ಆಗ ನನ್ನತ್ತ ನೋಡಿದ ನೋಟ ಈಗಲೂ ನನ್ನೆದುರಿಗಿದೆ. "ಮೇಷ್ಟ್ರೇ, ನಾನು ಖಾಲಿ ಎಂದು ತಿಳಿದೆ" ಎಂದಿರಿ. "ಖಾಲಿ ಇರಲಿಲ್ಲ. ಅಷ್ಟೂ ಜನ ಸದ್ದು ನಿಲ್ಲಿಸಿದ್ದರು." ನೀವು ಯಾವ ಅಡುಗೆಮನೆಯನ್ನು ನೆನೆಯುತ್ತಿದ್ದಿರೆಂದು ನನಗೆ ಮಾತ್ರ ತಿಳಿದಿತ್ತು. ನಾನು ಮುಖ ತಿರುಗಿಸಿ, ಯಾರಾದರೂ ಬಿಸಿ ಕಾಫಿ ತನ್ನಿ ಎಂದು ಅನಗತ್ಯವಾಗಿ ಗದರಿದೆ.

ಮರುದಿನ ಬೆಳಿಗ್ಗೆ ಪೆಟ್ಟಿಗೆಯಿಂದ ಕಾಗದದ ಕಟ್ಟು ಹೊರಬಂತು. ಅನಂತರ ಪಾಠಗಳು ನಿಂತವು, ನಾನು ಆಕ್ಷೇಪಿಸಲಿಲ್ಲ. ನೀವು ಬರೆಯುತ್ತಿದ್ದಿರಿ, ನಾನು ಪಕ್ಕದಲ್ಲಿ ದಿನಪತ್ರಿಕೆ ಓದುತ್ತ ಅದರ ಮುದ್ರಣದೋಷಗಳನ್ನು ಗುರುತು ಹಾಕುತ್ತಿದ್ದೆ. ಮಂದ್ರದ ತಂತಿಗಳಿಂದ ಮಂಜು ಇಳಿಯುತ್ತದೆ ಎಂದು ವಿವರಿಸಿದಿರಿ. ಮರದ ತುಂಡುಗಳು ಅಲ್ಲೊಂದು ಇಲ್ಲೊಂದು ತಟ್ಟುತ್ತವೆ, ಮರಗಸಿಯ ಕತ್ತಿಗಳಂತೆ. ಕೊಂಬು ಒಮ್ಮೆ ಕರೆಯುತ್ತದೆ. ಎಲ್ಲ ಸದ್ದೂ ನಿಲ್ಲುತ್ತದೆ. ಮತ್ತೊಮ್ಮೆ ಕರೆಯುತ್ತದೆ, ಮತ್ತೆ ಮೌನ. ಅಲ್ಲಿಗೆ ನಿಮ್ಮ ಲೇಖನಿ ನಿಂತಿತು. ಮಳೆ ಹತ್ತಿರ ಬಂತು, ಪ್ರಯಾಣದ ದಿನ ಬಂತು. ಮೂರನೆಯ ಕರೆಯನ್ನು ನೀವು ಬರೆಯಲಿಲ್ಲ. "ಎರಡಕ್ಕೇ ನಿಲ್ಲಿಸಿದರೆ ಅದು ಕ್ರಿಯಾಪದವಿಲ್ಲದ ವಾಕ್ಯ, ಮಿಸ್ಟರ್ ಮೊರ್ವಾಲ್" ಎಂದೆ. "ಎರಡಕ್ಕೆ ನಿಲ್ಲಿಸಿದರೆ ಉತ್ತರ ಬರದಿರುವುದಕ್ಕೆ ಒಂದು ಕಾರಣ ಇರುತ್ತದೆ ಮೇಷ್ಟ್ರೇ" ಎಂದಿರಿ. "ಮೂರನೆಯದನ್ನೂ ಕೂಗಿಬಿಟ್ಟರೆ, ಆಮೇಲೆ..." ವಾಕ್ಯವನ್ನು ಅಪೂರ್ಣವಾಗಿ ಬಿಡಬಾರದೆಂದು ನಿಮಗೆ ಎಷ್ಟು ಸಲ ಹೇಳಿದ್ದೆ! ಜೀಪಿನಲ್ಲಿ ಕುಳಿತ ಮೇಲೆ ಅದನ್ನು ಪೂರ್ಣಗೊಳಿಸಿದಿರಿ. ನಾನು ಉತ್ತರಿಸಿದೆ. ಅದೇ ನಮ್ಮ ಕೊನೆಯ ಮಾತು.

ವರ್ಷಗಳು ಕಳೆದವು. ಹಬ್ಬಕ್ಕೆ ಬರುತ್ತಿದ್ದ ನಿಮ್ಮ ಕಾರ್ಡುಗಳಲ್ಲಿ ಕನ್ನಡದ ಅಕ್ಷರಗಳು ದುಂಡಾಗಿಯೇ ಉಳಿದಿದ್ದವು. ಕೃತಿಯ ಮಾತನ್ನು ಮಾತ್ರ ನೀವು ಎತ್ತುತ್ತಿರಲಿಲ್ಲ. ಈ ಸಲ ಕಾರ್ಡಿನ ಬದಲು ಕ್ಲೇರಳ ಪೊಟ್ಟಣ ಬಂತು. ಅದರಲ್ಲಿ ನೀವು ತೀರಿಹೋದ ಸುದ್ದಿ, ಒಂದು ಕ್ಯಾಸೆಟ್ಟು. "ಇದನ್ನು ಮೇಷ್ಟ್ರಿಗೆ ಕಳಿಸು" ಎಂದು ನೀವೇ ಹೇಳಿದ್ದಿರಂತೆ. ಕೃತಿಯನ್ನು ಕಳೆದ ವಸಂತದಲ್ಲಿ ನುಡಿಸಿದರಂತೆ. ನೀವು ಮೂರನೆಯ ಕರೆಯನ್ನು ಬರೆದಿದ್ದಿರಿ. ಅದರ ಅನಂತರ ಏನನ್ನೂ ಬರೆದಿರಲಿಲ್ಲ. ಆ ಕೊನೆಯ ಮೌನವನ್ನು ಎಷ್ಟು ಹೊತ್ತು ಹಿಡಿದಿರಬೇಕೆಂದು ಕೈಸನ್ನೆಯಿಂದ ವೃಂದವನ್ನು ನುಡಿಸುವ ನಿರ್ವಾಹಕರು ಕೇಳಿದರಂತೆ. "ಉತ್ತರ ಬರುವವರೆಗೆ" ಎಂದಿರಂತೆ. ಅವರು ನಕ್ಕು, ಸ್ವಲ್ಪ ಹೊತ್ತು ಕಾದು, ಕೈ ಇಳಿಸಿದರಂತೆ. ಯಾರೋ ಕೆಮ್ಮಿದರು. ಆಮೇಲೆ ಸೌಜನ್ಯದ ಚಪ್ಪಾಳೆ. ಯಾರೂ ಇಲ್ಲದ ಲೋಕದಲ್ಲಿ ಕೂಗುವವನ ಸಂಗೀತ ಎಂದು ಪತ್ರಿಕೆಯವರು ಬರೆದರಂತೆ. ಅದನ್ನು ಓದಿ ನೀವು ಪಿಯಾನೋವಿನ ಮುಚ್ಚಳವನ್ನು ಹಾಕಿದಿರಿ, ಮತ್ತೆ ತೆರೆಯಲಿಲ್ಲ ಎಂದು ಕ್ಲೇರ್ ಬರೆದಿದ್ದಾಳೆ.

ಮೊನ್ನೆ ಭಾನುವಾರ ಏನಾಯಿತೆಂದು ಈಗ ಕೇಳಿ. ಕ್ಯಾಸೆಟ್ಟನ್ನು ನನ್ನ ಮನೆಯ ಮೂಲೆಯಲ್ಲಿ ಒಬ್ಬನೇ ಕೇಳುವುದು ನ್ಯಾಯವಲ್ಲವೆನಿಸಿತು. ಗೌಡರಿಗೆ ಹೇಳಿದೆ, ಅವರು ಕಣದಲ್ಲಿ ಹಾಕಿಸಿ ಎಂದರು. ಇಬ್ರಾಹಿಮರು ಉರುಸಿಗೂ ಗಣಪತಿ ಹಬ್ಬಕ್ಕೂ ಬಾಡಿಗೆಗೆ ಕೊಡುವ ತಮ್ಮ ಮೈಕ್ ಸೆಟ್ಟನ್ನು ತಂದು, ತಗಡಿನ ಹಾರನ್ನನ್ನು ಕಣದಂಚಿನ ಸಿಲ್ವರ್ ಓಕಿಗೆ, ಕಣಿವೆಯತ್ತ ಮುಖಮಾಡಿ ಕಟ್ಟಿದರು. ಕೊಯ್ಲಿನ ಕಾಲ, ಕೆಲಸ ಬಿಟ್ಟ ಆಳುಗಳು ಚೀಲ ಇಳಿಸಿ ಬಂದು ಕುಳಿತರು. ನಿಮ್ಮ ಸುದ್ದಿಯನ್ನು ಹೇಳಿದೆ. ಲಚ್ಚಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಬ್ರಾಹಿಮರು ಗುಂಡಿ ಒತ್ತಿದರು.

ಮಂದ್ರದ ತಂತಿಗಳು ಬಹಳ ಹೊತ್ತು ಒಂದೇ ಸ್ವರದಲ್ಲಿ ಹರಿದವು. "ಬ್ಯಾಟ್ರಿ ವೀಕಾ ಇಬ್ರಾಹಿಮಣ್ಣ?" ಎಂದು ಹಿಂದಿನಿಂದ ಯಾರೋ ಕೇಳಿದರು. "ಕರೆಂಟಲ್ಲಿ ಓಡ್ತಾ ಉಂಟು ಮಾರಾಯ, ಸುಮ್ನೆ ಕೂತ್ಕೋ." ಮರದ ತಟ್ಟು ಕೇಳಿಸಿದಾಗ ಶೇಷಪ್ಪ ತಲೆಯೆತ್ತಿ, "ಕತ್ತಿ ಸದ್ದಲ್ವಾ ಇದು?" ಎಂದ. ಗೌಡರು ಕುರ್ಚಿಯಲ್ಲಿ ತೂಕಡಿಸತೊಡಗಿದ್ದರು; ಅದನ್ನು ಮುಚ್ಚಿಡುವುದು ಸತ್ಯಕ್ಕೆ ಅಪಚಾರ.

ಆಗ ಕೊಂಬು ಕರೆಯಿತು, ಒಮ್ಮೆ.

ನಾನು ನೋಡಿದೆ. ಎಲೆಯಡಿಕೆ ಮೆಲ್ಲುತ್ತಿದ್ದ ಬಾಯಿಗಳು ನಿಂತವು. ಚೀಲ ಮಡಚುತ್ತಿದ್ದ ಕೈಗಳು ನಿಂತವು. ಅದು ಕ್ಯಾಸೆಟ್ಟಿನ ಸದ್ದೆಂದು ಯಾರಿಗೆ ಗೊತ್ತಿರಲಿಲ್ಲ? ಆದರೂ ನಿಂತವು. ಕೊಂಬು ಎರಡನೆಯ ಸಲ ಕರೆಯಿತು. ಆಮೇಲೆ ಟೇಪಿನ ಸಣ್ಣ ಸರಸರ ಬಿಟ್ಟರೆ ಏನೂ ಇಲ್ಲ. ಎಚ್ಚೆತ್ತ ಗೌಡರು, "ಮುಗೀತಾ?" ಎಂದರು. ಶೇಷಪ್ಪ ತನ್ನ ಯಜಮಾನರತ್ತ ತಿರುಗಿ, ಜೀವಮಾನದಲ್ಲಿ ಮೊದಲ ಸಲ, ತುಟಿಯ ಮೇಲೆ ಬೆರಳಿಟ್ಟ. "ಶ್! ಎರಡೇ ಆಗಿದ್ದು." ಇಡೀ ಕಣ ಉಸಿರು ಹಿಡಿದಿತ್ತು. ಮಿಸ್ಟರ್ ಮೊರ್ವಾಲ್, ನಿಮ್ಮ ಮೌನವನ್ನು ಹಾಗೆ ಕೇಳಿದವರು ನಿಮ್ಮ ದೇಶದಲ್ಲಿ ಇದ್ದರೇ? ಮಾರ್ತ್ ಅವರೊಬ್ಬರನ್ನು ಬಿಟ್ಟು?

ಮೂರನೆಯದು ಬಂತು.

ಯಾರು ಮೊದಲು ಎಂದು ಹೇಳಲಾರೆ. ಲಚ್ಚಮ್ಮ, ಶೇಷಪ್ಪ, ಇಬ್ರಾಹಿಮರು, ಈ ವರ್ಷವಷ್ಟೇ ಕೆಲಸಕ್ಕೆ ಸೇರಿ ನಿಮ್ಮ ಮುಖವನ್ನೇ ಕಾಣದವರು, ಎಲ್ಲರ ಕೊರಳಿನಿಂದಲೂ ಒಟ್ಟಿಗೆ "ಕೂ..." ಎದ್ದಿತು. ತರಗತಿಯ ಆಚೆ ಎಂದೂ ಧ್ವನಿ ಎತ್ತದ ನಾನೂ ಕೂಗಿದೆ. ನಿಮ್ಮ ನಿರ್ವಾಹಕರು ಕೈ ಇಳಿಸಿದ ಜಾಗ ಅದು. ಅಲ್ಲಿ ನಾವಿದ್ದೆವು.

ಇಲ್ಲಿಗೇ ಮುಗಿದಿದ್ದರೆ, ಪರಿಚಿತರ ಪ್ರೀತಿ ಎಂದು ನೀವು ತಳ್ಳಿಹಾಕಬಹುದಿತ್ತು. ಆದರೆ ಕಣಿವೆಯಾಚೆಯಿಂದ, ಬೇರೆಯವರ ತೋಟದ ದಿಣ್ಣೆಯಿಂದ ಒಂದು ಕೂಗು ಬಂತು. ಹಾರನ್ನಿನ ಮೂರು ಕರೆಗಳು ಅಲ್ಲಿಗೂ ಮುಟ್ಟಿದ್ದವು. "ಯಾರ್ರೋ ಅದು? ಯಾರು ದಾರಿ ತಪ್ಪಿದ್ದು?"

ಇಬ್ರಾಹಿಮರು ಅಂಗೈ ಹಿಡಿದು ಕೂಗಿ ಹೇಳಿದರು: "ನಮ್ ಎತ್ಯಣ್ಣ!"

"ಅಲ್ಲೇ ಇರಕ್ಕೆ ಹೇಳಿ! ಬಂದ್ವಿ!"

ನಾವು ಬೇಡವೆನ್ನುವ ಹೊತ್ತಿಗೆ ಅವರು ಹೊರಟಾಗಿತ್ತು. ಕತ್ತಲು ಕವಿಯುವ ಮುನ್ನ ಇಬ್ಬರು ಹಳ್ಳ ದಾಟಿ, ಮೊಣಕಾಲಿನವರೆಗೆ ಒದ್ದೆಯಾಗಿ, ಹಗ್ಗ, ಕತ್ತಿ ಹಿಡಿದು ಏದುಸಿರು ಬಿಡುತ್ತ ಕಣಕ್ಕೆ ಬಂದರು. "ಎಲ್ಲಿದಾರೆ? ಪೆಟ್ಟಾಗಿದ್ಯಾ?" ಶೇಷಪ್ಪ, "ಅವ್ರು ಹೋಗ್ಬಿಟ್ರು ಮಾರಾಯ, ಅವ್ರ ದೇಶದಲ್ಲಿ. ಆದ್ರೆ ಕೂಗಿದ್ದು ಅವ್ರೇ" ಎಂದು ಹಾರನ್ನಿನತ್ತ ಕೈ ತೋರಿಸಿದ. ಅವರು ಕೋಪಿಸಿಕೊಳ್ಳಲಿಲ್ಲ, ನಗಲಿಲ್ಲ. ಹಗ್ಗವನ್ನು ಕೆಳಗಿಟ್ಟು ಕುಳಿತರು. ಲಚ್ಚಮ್ಮ ಬೆಲ್ಲದ ಕಾಫಿ ಕೊಟ್ಟಳು. "ವೃಥಾ ನಡೆಸಿದೆವು, ಕ್ಷಮಿಸಿ" ಎಂದು ನಾನು ಹೇಳಿದೆ. ಅವರಲ್ಲಿ ಹಿರಿಯನಾದವನು ಲೋಟದಿಂದ ಮುಖವೆತ್ತಿ, "ಇರ್ಲಿ ಬಿಡಿ ಮೇಷ್ಟ್ರೇ. ಮೂರು ಸರಿ ಕೇಳ್ತು. ಬರ್ದೆ ಇರಕ್ಕಾಗುತ್ತಾ?" ಎಂದ.

ಕೈ ಇಷ್ಟು ಬೇಗ ಇಳಿಸಬಾರದೆಂದು ನಿಮ್ಮ ನಿರ್ವಾಹಕರಿಗೆ ತಿಳಿಸಲು ಕ್ಲೇರಳಿಗೆ ಬರೆಯುತ್ತೇನೆ. ನನ್ನ ಇಂಗ್ಲಿಷಿನಲ್ಲಿ ಅದನ್ನು ಖಂಡಿತವಾಗಿ, ಸ್ಪಷ್ಟವಾಗಿ ಹೇಳಬಲ್ಲೆ. ನಿಮಗೆ ಹೇಳಬೇಕಾದದ್ದನ್ನು ಮಾತ್ರ ಈ ಬೆಟ್ಟದವರು ದಾರಿ ತಪ್ಪಿದವರಿಗೆ ಹೇಳುವಂತೆಯೇ ಹೇಳಬೇಕು. ಅದಕ್ಕಿಂತ ಶುದ್ಧವಾದ ಪ್ರಯೋಗ ನನಗೆ ತಿಳಿದಿಲ್ಲ.

ಉತ್ತರ ಬಂದಿದೆ, ಎತ್ಯಣ್ಣ. ಅಲ್ಲೇ ಇರಿ.

ನಿಮ್ಮ ಮೇಷ್ಟ್ರು